ಮಟ್ಟಾಂಚೇರಿಗೆ ಹೊರಡುವ ಮುನ್ನ

ಎಲ್ಲರಿಗೂ ನಮಸ್ಕಾರ. ಕೊಚ್ಚಿ ಪ್ರವಾಸಕ್ಕೆ ಹೆಸರು ಕೊಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾವು ಜಾಸ್ತಿ ಹೊತ್ತು ಇರುವುದು ಮಟ್ಟಾಂಚೇರಿಯ ಯಹೂದಿ ಬೀದಿಯಲ್ಲಿ. ಅಲ್ಲಿನ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಕಟ್ಟಿದ್ದು 1568ರಲ್ಲಿ. ಕೊಚ್ಚಿಯ ರಾಜರು ತಮ್ಮ ಅರಮನೆ ಪಕ್ಕದಲ್ಲೇ ಅದಕ್ಕೆ ಜಾಗ ಕೊಟ್ಟಿದ್ದರು, ಎಷ್ಟು ದೊಡ್ಡ ಮನಸ್ಸು ಅಲ್ವಾ! ಒಳಗೆ ಎಲ್ಲರೂ ತೂಗುದೀಪ ನೋಡುತ್ತಾ ನಿಂತುಬಿಡುತ್ತಾರೆ. ನೀವು ನೆಲವನ್ನೂ ನೋಡಿ. ಚೀನಾದಿಂದ ತರಿಸಿದ ಬಿಳಿ-ನೀಲಿ ಟೈಲ್ಸ್, ಒಂದೊಂದಕ್ಕೂ ಕೈಯಲ್ಲೇ ಚಿತ್ರ ಬರೆದಿದ್ದಾರೆ. ಹತ್ತಿರದಿಂದ ನೋಡಿದರೆ ಕುಂಚದ ಗೆರೆಯಲ್ಲಿ ಸಣ್ಣಸಣ್ಣ ವ್ಯತ್ಯಾಸ ಕಾಣುತ್ತದೆ.

ಶನಿವಾರ ಸಿನಗಾಗ್‌ಗೆ ರಜೆ, ಶುಕ್ರವಾರ ಅರಮನೆಗೆ ರಜೆ. ಅದಕ್ಕೇ ಭಾನುವಾರ ಇಟ್ಟುಕೊಂಡಿದ್ದೇವೆ. ಚಪ್ಪಲಿ ಹೊರಗೆ ಬಿಡಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಬೀದಿಯ ಯಹೂದಿ ಕುಟುಂಬಗಳು 1948ರ ನಂತರ ಹೆಚ್ಚಾಗಿ ಇಸ್ರೇಲಿಗೆ ಹೋದವು. ಆದರೂ ಮಟ್ಟಾಂಚೇರಿ ಸುಮ್ನೆ ನೋಡಿ ಬರುವ ವಸ್ತುಸಂಗ್ರಹಾಲಯವಲ್ಲ. ಕೊಂಕಣಿ, ಗುಜರಾತಿ, ತಮಿಳು ಮಾತಾಡುವವರು ತಲೆಮಾರುಗಳಿಂದ ಅಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮ ಅಗ್ರಹಾರದ ತೊಟ್ಟಿಮನೆಗಳ ಕಿಟಕಿಯಲ್ಲಿ ಯಾರಾದರೂ ಇಣುಕಿದರೆ ನಮಗೆ ಹೇಗಾಗುತ್ತದೆ? ಹಾಗಾಗಿ ಕೇಳದೆ ಮನೆಯವರ ಫೋಟೊ ತೆಗೆಯಬೇಡಿ, ಬಾಗಿಲ ಮುಂದೆ ಗುಂಪು ಕಟ್ಟಿ ನಿಲ್ಲಬೇಡಿ. ಇದು ನನ್ನ ಕಳಕಳಿಯ ವಿನಂತಿ.

ಮೆಣಸು, ಏಲಕ್ಕಿ ಕೊಳ್ಳಲು ಊಟದ ನಂತರ ಸಮಯ ಇದೆ. ಮಂಡಿನೋವು ಇರುವವರು ಮೊದಲೇ ತಿಳಿಸಿ, ಆಟೊ ಗೊತ್ತು ಮಾಡುತ್ತೇವೆ.