ಇಲಿಯ ವಿಷಯ ಅಂತ ತಳ್ಳಿಹಾಕಬೇಡಿ

ಸಂಪಾದಕರೇ,

ಕುಡಿಯುವ ನೀರಿಗೆ ಸೇರುವ ಪಿಎಫ್‌ಎಎಸ್ ಎಂಬ ರಾಸಾಯನಿಕಗಳು ಇಲಿಗಳ ರೋಗನಿರೋಧಕ ಶಕ್ತಿ ಕುಗ್ಗಿಸುತ್ತವೆ ಅಂತ ನಿನ್ನೆ ನಿಮ್ಮಲ್ಲಿ ಬಂದ ವರದಿ ಹಿಡಿದುಕೊಂಡೇ, ನಮ್ಮ ನೀರಿನ ಬಗ್ಗೆ ಅರ್ಜಿ ಕೊಡಲು ಇವತ್ತು ಸರ್ಕಾರಿ ಕಚೇರಿಗೆ ಹೋಗಿದ್ದೆ. ಮೂರು ಗಂಟೆ ನಿಲ್ಲಿಸಿದರು. ಪಕ್ಕದಲ್ಲಿ ಕೈಗೂಸು ಎತ್ತಿಕೊಂಡ ಒಬ್ಬ ತಾಯಿಯೂ ನಿಂತಿದ್ದರು. ಕೊನೆಗೆ ಸಿಕ್ಕ ಅಧಿಕಾರಿ, ‘ಅದೆಲ್ಲ ಇಲಿಗಳ ಮೇಲಿನ ಪ್ರಯೋಗ, ನಿಮಗ್ಯಾಕೆ ಭಯ? ಕುದಿಸಿ ಕುಡಿಯಿರಿ’ ಅಂದರು. ಅರ್ಜಿ ಮುಟ್ಟಲೂ ಇಲ್ಲ. ಒಂದು ದಿನದ ಕೆಲಸ ಹಾಳು. ಮನೆಗೆ ಬಂದು ಮತ್ತೆ ಎರಡು ಮಹಡಿ ನೀರಿನ ಕ್ಯಾನ್ ಹೊತ್ತೆ. ಸೊಂಟ ಹಿಡಿದಿದೆ.

ಸ್ವಾಮಿ, ಪಿಎಫ್‌ಎಎಸ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಇಷ್ಟೂ ಗೊತ್ತಿಲ್ಲದವರು ಸಲಹೆ ಕೊಡಬಾರದು, ಅಲ್ವಾ?

ಇಲಿಯ ವಿಷಯವನ್ನೇ ಮಾತಾಡೋಣ. ಪಿಎಫ್‌ಎಎಸ್ ಗುಂಪಿನದೇ ಆದ ಪಿಎಫ್‌ಒಎ ಎಂಬ ರಾಸಾಯನಿಕ ಕೊಟ್ಟ ಸುಂಡಿಲಿಗಳಲ್ಲಿ ಥೈಮಸ್ ಗ್ರಂಥಿ ಮತ್ತು ಗುಲ್ಮ ಕುಗ್ಗಿದವು. ರೋಗದ ಜೊತೆ ಹೋರಾಡುವ ಕಣಗಳು ಬೆಳೆದು ಪಳಗುವ ಜಾಗಗಳೇ ಅವು. ಕುರಿಯ ಕೆಂಪು ರಕ್ತಕಣ ಚುಚ್ಚಿದರೆ ಅದು ಹೊರಗಿನದು ಅಂತ ಸುಂಡಿಲಿಯ ಮೈ ಪ್ರತಿಕಾಯ, ಅಂದರೆ ಅದನ್ನು ಎದುರಿಸುವ ಪ್ರೋಟೀನು, ತಯಾರಿಸಬೇಕು. ಇವುಗಳಲ್ಲಿ ಅದೂ ಕಡಿಮೆಯಾಯಿತು. ಡೋಸ್ ಜಾಸ್ತಿ ಇತ್ತು ಅಂತೀರಾ? ಹೌದು, ಇತ್ತು. ಆದರೆ ಸುಂಡಿಲಿಯ ಮೈಯಲ್ಲಿ ಈ ರಾಸಾಯನಿಕ ಅರ್ಧಕ್ಕಿಳಿಯಲು ಕೆಲವು ವಾರ ಸಾಕು. ದೊಡ್ಡ ಜಾತಿಯ ಹೆಣ್ಣು ಇಲಿಗೆ ಕೆಲವೇ ಗಂಟೆ. ನಮ್ಮ ರಕ್ತದಲ್ಲಿ ವರ್ಷಗಳೇ ಬೇಕು. ದಿನಾ ಕುಡಿದರೆ ದಿನಾ ಸೇರುತ್ತಲೇ ಹೋಗುತ್ತದೆ. ಹಾಗಾದರೆ ಭಯ ಪಡಬೇಕಾದವರು ನಾವೇ ಅಲ್ಲವೇ?

ವಿಷವಸ್ತುಗಳ ಅಧ್ಯಯನ ಮಾಡುವ ಅಮೆರಿಕ ಸರ್ಕಾರದ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ 2016ರಲ್ಲೇ ಪಿಎಫ್‌ಒಎ, ಅದೇ ಗುಂಪಿನ ಪಿಎಫ್‌ಒಎಸ್ ಎರಡೂ ಮನುಷ್ಯರ ರೋಗನಿರೋಧಕ ಶಕ್ತಿಗೆ ಅಪಾಯಕಾರಿ ಎಂದು ಭಾವಿಸಬೇಕು ಅಂತ ಹೇಳಿದೆ. ಇಲಿಗಳ ಪ್ರಯೋಗಗಳೇ ಅದಕ್ಕೆ ದೊಡ್ಡ ಆಧಾರ. 2020ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ನಾಲ್ಕು ರಾಸಾಯನಿಕ ಸೇರಿ ದೇಹದ ಒಂದು ಕಿಲೋ ತೂಕಕ್ಕೆ ವಾರಕ್ಕೆ 4.4 ನ್ಯಾನೋಗ್ರಾಂ (ಒಂದು ನ್ಯಾನೋಗ್ರಾಂ ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು) ಮಿತಿ ಹಾಕಿತು. ಕಾರಣ, ಇವು ರಕ್ತದಲ್ಲಿ ಹೆಚ್ಚಿದ್ದ ಮಕ್ಕಳಲ್ಲಿ ಲಸಿಕೆ ಹಾಕಿಸಿದ ಮೇಲೂ ಪ್ರತಿಕಾಯ ಕಡಿಮೆ ಕಂಡಿತ್ತು. ಆ ತಾಯಿಯ ಕೂಸಿಗೂ ಲಸಿಕೆಯ ಸರದಿ ಬರುತ್ತದಲ್ಲ!

ಈ ಕಚೇರಿಯದು ಹಳೇ ಚಾಳಿ. ಹಿಂದೆ ಚರಂಡಿಯಲ್ಲಿ ನೊರೆ ಉಕ್ಕಿದಾಗ ‘ಸೋಪಿನ ನೊರೆ’ ಅಂದು ಕಳಿಸಿದ್ದರು. ಆ ಅಧಿಕಾರಿಗೆ ವರ್ಗವಾಯಿತು, ಫೈಲೂ ಕಾಣೆಯಾಯಿತು. ಫೋನ್ ಎತ್ತುವವರೂ ಇಲ್ಲ. ಬೀದಿ ದೀಪದ ದೂರು ಕೊಟ್ಟು ಎರಡು ವರ್ಷವಾಯಿತು, ಅದೂ ಹಾಗೇ ಇದೆ.

ನೀರನ್ನು ಸರಿಯಾದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಇಲ್ಲವೇ ಬೇರೆ ನೀರು ಕೊಡಿ. ಎರಡೂ ಆಗದಿದ್ದರೆ ಅರ್ಜಿಯನ್ನಾದರೂ ತೆಗೆದುಕೊಳ್ಳಿ. ಮಗು ಎತ್ತಿಕೊಂಡು ಬಂದವರನ್ನು ಮೂರು ಗಂಟೆ ನಿಲ್ಲಿಸಲು ನಿಮಗೆ ನಾಚಿಕೆಯಾಗಬೇಕು.

– ನೊಂದ ಓದುಗ