ಗುಡ್ಡ, ಹೊಳೆ, ದ್ವೀಪ ಎಂಬ ಹೆಸರಿನವರು

ಫಿನ್‌ಲ್ಯಾಂಡಿನ ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲ ಬುಡದಲ್ಲೇ ನಿವಾಸಿಗಳ ಹೆಸರಿನ ಫಲಕ ಇರುತ್ತದೆ. ವಿರ್ತನೆನ್, ಮ್ಯಾಕಿನೆನ್, ಯಾರ್ವಿನೆನ್, ಸಾರಿನೆನ್. ಸ್ವಲ್ಪ ಫಿನ್ನಿಷ್ ಕಲಿತವರಿಗೆ ಅದರಲ್ಲಿ ಹರಿಯುವ ಹೊಳೆ, ಗುಡ್ಡ, ಸರೋವರ, ದ್ವೀಪ ಕಾಣುತ್ತವೆ. ಎಂಥ ಪ್ರಕೃತಿಪ್ರಿಯರು ಇವರು ಎಂದು ನಮ್ಮವರು ಮೆಚ್ಚಿಕೊಳ್ಳುತ್ತಾರೆ. ಮೆಚ್ಚಬೇಕಾದ್ದೇ. ಆದರೆ ಈ ಹೆಸರುಗಳಲ್ಲಿ ಅನೇಕವು ಒಂದು ಗುಂಟೆ ನೆಲವೂ ಇಲ್ಲದವರು ಇಟ್ಟುಕೊಂಡವು ಎಂಬುದೂ ನಮಗೆ ತಿಳಿದಿರಬೇಕು.

ದೇಶದ ಪೂರ್ವ ಭಾಗದಲ್ಲಿ ವಂಶದ ಹೆಸರು ಶತಮಾನಗಳಿಂದಲೂ ಇತ್ತು. ಪಶ್ಚಿಮದ ರೀತಿಯೇ ಬೇರೆ. ಅಲ್ಲಿ ಹೆಸರು ಮನುಷ್ಯನದಲ್ಲ, ಜಮೀನಿನದು. ಮ್ಯಾಕೆಲಾ ಎಂದರೆ ಗುಡ್ಡದ ಮನೆ; ಆ ಮನೆಗೆ ಮನೆಅಳಿಯನಾಗಿ ಹೋದವನೂ ಮ್ಯಾಕೆಲಾ ಆಗುತ್ತಿದ್ದ, ಅದನ್ನು ಮಾರಿ ಬೇರೆಡೆ ನೆಲೆಸಿದರೆ ಅಲ್ಲಿನ ಮನೆಯ ಹೆಸರು ಅಂಟಿಕೊಳ್ಳುತ್ತಿತ್ತು. ಹಾಗಾದರೆ ಜಮೀನೇ ಇಲ್ಲದ ಆಳುಕಾಳುಗಳ ಪಾಡೇನು? ಇಂಥವನ ಮಗ, ಇಂಥವಳ ಮಗಳು ಎಂಬುದಷ್ಟೇ ಅವರ ಗುರುತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಥವರು ತಮಗೆ ತಾವೇ ಹೆಸರು ಆರಿಸಿಕೊಳ್ಳತೊಡಗಿದರು. ಕಣ್ಣೆದುರಿನ ಗುಡ್ಡ, ಹೊಳೆ, ಕೊಲ್ಲಿಗಳಿಗೆ ಪೂರ್ವದವರ ‘ನೆನ್’ ಪ್ರತ್ಯಯ ಸೇರಿಸಿದರು. ಯಾರ ಅಪ್ಪಣೆಯನ್ನೂ ಕೇಳದೆ ತೆಗೆದುಕೊಳ್ಳಬಹುದಾಗಿದ್ದ ಆಸ್ತಿ ಅದೊಂದೇ ಎಂದು ನನಗೆ ಅನಿಸುತ್ತದೆ. ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದ ಓಟಗಾರ ಪಾವೊ ನುರ್ಮಿ ತುರ್ಕು ಪಟ್ಟಣದ ಬಡಗಿಯೊಬ್ಬರ ಮಗ. ನುರ್ಮಿ ಎಂದರೆ ಹುಲ್ಲುಗಾವಲು.

ಇನ್ನೊಂದು ಅಲೆ ಭಾಷಾಭಿಮಾನದ್ದು. ಆಡಳಿತ, ಶಿಕ್ಷಣ ಎಲ್ಲವೂ ಬಹುಕಾಲ ಸ್ವೀಡಿಷ್‌ನಲ್ಲಿ ನಡೆದುದರಿಂದ ಫಿನ್ನಿಷ್ ಮಾತನಾಡುವ ಮನೆಗಳಿಗೂ ಸ್ವೀಡಿಷ್ ಹೆಸರುಗಳಿದ್ದವು. ಫಿನ್ನಿಷ್ ಭಾಷೆಯ ಸ್ಥಾನಮಾನಕ್ಕಾಗಿ ದುಡಿದ ಚಿಂತಕ ಸ್ನೆಲ್ಮನ್ ಹುಟ್ಟಿ ನೂರು ವರ್ಷ ತುಂಬಿದ್ದು 1906ರ ಮೇ 12ರಂದು. ಆ ಸಂದರ್ಭದಲ್ಲಿ ಹತ್ತಾರು ಸಾವಿರ ಜನ ಒಟ್ಟಿಗೆ ಹೆಸರು ಬದಲಿಸಿಕೊಂಡರು. ಮುಂದೆ ರಾಷ್ಟ್ರಪತಿಯಾದ ಪಾಸಿಕಿವಿ ಅದಕ್ಕೂ ಬಹಳ ಮೊದಲೇ ಹೆಲ್‌ಸ್ಟೆನ್ ಎಂಬ ಹುಟ್ಟುಹೆಸರನ್ನು ಬಿಟ್ಟಿದ್ದರು. ಸ್ವೀಡಿಷ್ ಬಂಡೆಗಲ್ಲು ಫಿನ್ನಿಷ್ ಬಂಡೆಗಲ್ಲಾಯಿತು, ಅಷ್ಟೇ. ಎಲ್ಲರಿಗೂ ಮನೆತನದ ಹೆಸರು ಇರಲೇಬೇಕೆಂಬ ಕಾನೂನು ಜಾರಿಯಾದದ್ದು 1921ರಲ್ಲಿ.

ಇಲ್ಲಿ ಫಿನ್‌ಲ್ಯಾಂಡಿನ ಕಚೇರಿಗಳಲ್ಲಿ ‘ಸುಕುನಿಮಿ’ (ಮನೆತನದ ಹೆಸರು) ಎಂಬ ಅಂಕಣದ ಮುಂದೆ ನಾವು ಕನ್ನಡಿಗರಲ್ಲಿ ಅನೇಕರು ತಡವರಿಸಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ತುಂಬಿದ್ದೇವೆ. ಉತ್ತರ ಕರ್ನಾಟಕದಿಂದ ಬಂದವರಿಗೆ ಆ ಕಷ್ಟ ಕಡಿಮೆ. ಗುಡ್ಡದ, ಹಳ್ಳದ, ಬಾವಿಕಟ್ಟಿ ಎಂಬ ಅಡ್ಡಹೆಸರುಗಳು ಮ್ಯಾಕಿನೆನ್ನರ ಪಕ್ಕದಲ್ಲಿ ಸಲೀಸಾಗಿ ಕೂರುತ್ತವೆ. ನಿಮ್ಮ ಮನೆತನದ ಹೆಸರು ಯಾವ ಗುಡ್ಡದಿಂದ, ಯಾವ ಬಾವಿಯಿಂದ ಬಂತೆಂದು ಊರಿನ ಹಿರಿಯರನ್ನು ಫೋನಿನಲ್ಲಿ ಕೇಳಿ, ಒಂದು ಪುಟ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಜಾಗ ಇಟ್ಟಿದ್ದೇವೆ.

– ಸಂಪಾದಕ