ನಮ್ಮೂರಿನ ವರದಿ ನಮ್ಮೂರಿಗೂ ಬರಲಿ

ಮಾನ್ಯರೇ,

ಬರ ಎದುರಿಸುವ ಕಾಮಗಾರಿಗಳ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಇಷ್ಟು ಕೃಷಿ ಹೊಂಡ, ಇಷ್ಟು ಚೆಕ್ ಡ್ಯಾಂ, ಇಷ್ಟು ಹೆಕ್ಟೇರ್ ಬದು. ಆ ಲೆಕ್ಕ ಬರೆದುಕೊಂಡು ಬರುವವರಲ್ಲಿ ನಾನೂ ಒಬ್ಬ. ಆರು ವರ್ಷದಿಂದ ಟ್ಯಾಬ್ ಹಿಡಿದು ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳನ್ನು ಸುತ್ತುತ್ತಿದ್ದೇನೆ. ಕಾಗದದ ಮೇಲೆ ಈ ಕೆಲಸಕ್ಕೆ ‘ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ’ ಅಂತ ಹೆಸರು. ಊರವರಿಗೆ ನಾವು ಸರ್ವೆಯವರು, ಅಷ್ಟೇ.

ಹಿರಿಯೂರು ಕಡೆಯ ಒಂದು ಹೊಲದಲ್ಲಿ ಹೊಂಡದ ಫೋಟೊ ತೆಗೆಯಬೇಕಿತ್ತು. ಫೋಟೊದ ಜೊತೆ ಜಿಪಿಎಸ್ ಬಿದ್ದರೆ ಕೆಲಸ ಮುಗಿಯಿತು. ಹೊಂಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಹರಿದು ಚಿಂದಿಯಾಗಿತ್ತು. ತಳದಲ್ಲಿ ಎರಡು ಮೇಕೆ ಮಲಗಿದ್ದವು. ಹೊಲದ ಅಜ್ಜಿ, “ಹೊಂಡ ಐತೆ ಅಂತ ಬರ್ಕಳಪ್ಪ, ನೀರೈತೆ ಅಂತ ಬರೀಬ್ಯಾಡ” ಎಂದರು. ಆ್ಯಪ್‌ನಲ್ಲಿ ನೀರಿನ ಪ್ರಶ್ನೆಯೇ ಇರಲಿಲ್ಲ. ‘ಹೊಂಡ ಇದೆಯೇ?’ ‘ಹೌದು’ ಒತ್ತಿದೆ. ಹೊರಡುವಾಗ ಅಜ್ಜಿ ಮತ್ತೆ ಕೇಳಿದರು: “ಹಿಂದೆ ಬಂದೋರೂ ಹಿಂಗೇ ಬರ್ಕೊಂಡು ಹೋದ್ರು. ಏನು ಬರುದ್ರು ಅಂತ ಯಾರೂ ತಿರುಗಿ ಬಂದು ಹೇಳ್ಲಿಲ್ವಲ್ಲ?”

ಎಣಿಸುವುದು ತಪ್ಪಲ್ಲ. ದುಡ್ಡು ಎಲ್ಲಿಗೆ ಹೋಯಿತು ಅಂತ ಗೊತ್ತಾಗಬೇಕಲ್ವಾ? ಆದರೆ ಯಾವಾಗ ಹೋಗಿ ನೋಡುತ್ತೇವೆ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ನಮ್ಮ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದಿದ್ದು 2022ರಲ್ಲಿ. ಆ ವರ್ಷ ಸರ್ವೆಗೆ ಹೋದವರಿಗೆ ಪ್ರತಿ ಚೆಕ್ ಡ್ಯಾಂ ಕೂಡ ಯಶಸ್ಸಾಗಿಯೇ ಕಾಣುತ್ತದೆ. ಮರುವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಆಗ ಹೋದರೆ ಅದೇ ಚೆಕ್ ಡ್ಯಾಂ ದಂಡ. ಎರಡೂ ಸಲ ನಾವು ಅಳೆದದ್ದು ಮಳೆಯನ್ನೇ. ಯೋಜನೆ ಕೆಲಸ ಮಾಡಿತೋ ಇಲ್ಲವೋ ತಿಳಿಯಬೇಕಾದರೆ ಕಾಮಗಾರಿ ಆಗದ ಪಕ್ಕದ ಊರನ್ನೂ ನೋಡಬೇಕು. ಬೋರ್‌ವೆಲ್ ಯಾವ ತಿಂಗಳು ನಿಂತಿತು, ಟ್ಯಾಂಕರ್ ಯಾವಾಗ ಬಂತು, ದನ ಮಾರಿದರೋ ಉಳಿಸಿಕೊಂಡರೋ, ಬೆಂಗಳೂರಿಗೆ ಗುಳೆ ಹೋದರೋ ಅಂತ ಕೇಳಬೇಕು. ಯೋಜನೆ ಮುಗಿದು ಎರಡು ಬೇಸಿಗೆ ಕಳೆದ ಮೇಲೂ ಒಮ್ಮೆ ಹೋಗಬೇಕು. ಹೂಳು ತುಂಬುವುದು, ಹಾಳೆ ಹರಿಯುವುದು ಎಲ್ಲಾ ಆಮೇಲೇ. ಅಷ್ಟೊತ್ತಿಗೆ ನಮ್ಮ ಗುತ್ತಿಗೆಯೂ ಮುಗಿದಿರುತ್ತದೆ.

ಇದೆಲ್ಲ ನಮ್ಮಲ್ಲಿ ಆಗದ ಕೆಲಸವೇನಲ್ಲ. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ಚಿತ್ರದುರ್ಗ, ತುಮಕೂರು, ಕೋಲಾರ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಅದರ ಮೌಲ್ಯಮಾಪನ ಮಾಡಿದ್ದು ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್. ಕೊನೆಗೆ ಬಂದು ಎಣಿಸಿ ಹೋಗಲಿಲ್ಲ, ಕೆಲಸ ನಡೆಯುತ್ತಿದ್ದಾಗಲೇ ಉಪಗ್ರಹ ಚಿತ್ರ ಇಟ್ಟುಕೊಂಡು ನೋಡುತ್ತಾ ಬಂದರು. ಈಚಿನ ಅಟಲ್ ಭೂಜಲ ಯೋಜನೆಯಲ್ಲಂತೂ ಅಂತರ್ಜಲ ಅಳೆಯುವುದು, ಊರಿನ ನೀರಿನ ಆಯ–ವ್ಯಯ ಬರೆಯುವುದು ಎಲ್ಲದರಲ್ಲೂ ಊರಿನವರೇ ಇರಬೇಕಿತ್ತು. ಆ ಮಾಹಿತಿ ಜನರಿಗೆ ಕಾಣುವಂತೆ ಇಡಬೇಕು ಅಂತಲೂ ಇತ್ತು. ನಮ್ಮ ಜಿಲ್ಲೆಯೂ ಅದರಲ್ಲಿತ್ತು.

ಉಳಿದ ಯೋಜನೆಗಳಿಗೂ ಇದೇ ಕ್ರಮ ಯಾಕೆ ಬೇಡ? ರಾಜ್ಯದ ಮೌಲ್ಯಮಾಪನ ಪ್ರಾಧಿಕಾರದ ವರದಿಗಳು ಅಂತರ್ಜಾಲದಲ್ಲಿವೆ, ಸಂತೋಷ. ಹೆಚ್ಚಿನವು ಇಂಗ್ಲಿಷಿನಲ್ಲಿವೆ. ನೂರಾರು ಪುಟದ ಇಂಗ್ಲಿಷ್ ವರದಿಯನ್ನು ನಮ್ಮ ಅಜ್ಜಿ ಓದುವುದುಂಟೇ? ಸರ್ವೆ ನಡೆದ ಪ್ರತಿ ಊರಿಗೂ ಎರಡು ಪುಟ ಕನ್ನಡದಲ್ಲಿ ಬರಲಿ. ಗ್ರಾಮಸಭೆಯಲ್ಲಿ ಯಾರಾದರೂ ಅದನ್ನು ಗಟ್ಟಿಯಾಗಿ ಓದಲಿ. ತಪ್ಪು ಬರೆದಿದ್ದರೆ ಅಲ್ಲೇ ಯಾರಾದರೂ ಎದ್ದು ನಿಂತು “ಸುಮ್ನೆ ಬರ್ದಿದೀರ” ಅನ್ನುತ್ತಾರೆ. ಅನ್ನಲಿ. ಆಫೀಸಿನಲ್ಲಿ ಕೂತು ನಾವು ಮಾಡುವ ಡೇಟಾ ಪರಿಶೀಲನೆಗಿಂತ ಅದು ಎಷ್ಟೋ ವಾಸಿ.

ಖರ್ಚು ಜಾಸ್ತಿ ಏನಿಲ್ಲ. ಪಂಚಾಯಿತಿ ಗೋಡೆಗೆ ಒಂದು ಫ್ಲೆಕ್ಸ್. ಉದ್ಘಾಟನೆಗೆ ಹಾಕಿದ್ದಕ್ಕಿಂತ ಚಿಕ್ಕದಾದರೂ ನಡೆಯುತ್ತದೆ.

– ಒಬ್ಬ ಸರ್ವೆಯವ, ಹಿರಿಯೂರು